ಪಿಎಚ್ ಲೆಕ್ಕಕ್ಕೆ ಲಾಗ್ ಟೇಬಲ್ ಯಾಕೆ, ಡಬಲ್ ಮಾಡೋಕೆ ಬಂದರೆ ಸಾಕು

ಮೊದಲ ಪಿಯುಸಿ ಮಕ್ಕಳು ಮೋಲ್ (ಅಣುಗಳನ್ನು ಎಣಿಸುವ ಅಳತೆ) ಲೆಕ್ಕಕ್ಕೆ ಹೆದರುತ್ತಾರೆ, ಆರ್ಗ್ಯಾನಿಕ್‌ಗೂ ಹೆದರುತ್ತಾರೆ. ಆದರೆ ಪಿಎಚ್ ಕೊಟ್ಟು ಹೈಡ್ರೋಜನ್ ಅಯಾನಿನ ಸಾರತೆ (ಲೀಟರಿಗೆ ಎಷ್ಟು ಮೋಲ್ ಅನ್ನುವುದು) ಕಂಡುಹಿಡಿ ಅಂದಾಗ ಅವರ ಮುಖ ಬೇರೆಯೇ ಆಗುತ್ತದೆ. ನಾನು ಚಿಂತಾಮಣಿಯಲ್ಲಿ ಸಂಜೆ ಹೊತ್ತು ಮನೆಯಲ್ಲೇ ಕೆಮಿಸ್ಟ್ರಿ ಟ್ಯೂಷನ್ ಮಾಡುತ್ತೇನೆ. ಸಮತೋಲನದ ಪಾಠ ಶುರುವಾದ ವಾರ ಒಬ್ಬರಾದರೂ ಕೇಳುತ್ತಾರೆ, "ಸರ್, ಮೈನಸ್ ಲಾಗ್ ಅಂದ್ರೆ ಏನ್ ಸರ್, ಅದನ್ನ ವಾಪಸ್ ಹೆಂಗ್ ಮಾಡೋದು?" ಹತ್ತನೇ ಕ್ಲಾಸಿನವರೆಗೆ ಪಿಎಚ್ ಅಂದರೆ ಬಣ್ಣದ ಕಾಗದ, 7ಕ್ಕಿಂತ ಕಡಿಮೆ ಆದರೆ ಆಮ್ಲ, ಜಾಸ್ತಿ ಆದರೆ ಪ್ರತ್ಯಾಮ್ಲ, ಅಷ್ಟೇ. ಪಿಯುಸಿಗೆ ಬಂದ ತಕ್ಷಣ ಅದೇ ಪಿಎಚ್ ಗಣಿತದ ವೇಷ ಹಾಕಿಕೊಂಡು ಬರುತ್ತದೆ. ಲಾಗ್ ಟೇಬಲ್ ನೋಡುವುದನ್ನು ಒಂದು ಪೀರಿಯಡ್‌ನಲ್ಲಿ ಓಡಿಸಿ ಮುಗಿಸಿರುತ್ತಾರೆ. ಸಿಇಟಿ, ನೀಟ್‌ನಲ್ಲಂತೂ ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ.

ನಾನು ಹೇಳಿಕೊಡುವ ದಾರಿ ಬೇರೆ. ಲಾಗ್ ಅಂದರೆ ಹತ್ತಕ್ಕೆ ಎಷ್ಟು ಘಾತ ಹಾಕಿದರೆ ಆ ಸಂಖ್ಯೆ ಬರುತ್ತದೋ ಆ ಘಾತ. ಲಾಗ್ 2 ಅಂದರೆ 0.3010. ಇದೊಂದನ್ನು ನೆನಪಿಟ್ಟುಕೊಳ್ಳಿ, ಅದೂ 0.3 ಅಂತ ಇಟ್ಟುಕೊಂಡರೆ ಸಾಕು. ಹೈಡ್ರೋಜನ್ ಅಯಾನು ಡಬಲ್ ಆದರೆ ಪಿಎಚ್ 0.3 ಇಳಿಯುತ್ತದೆ. ಅರ್ಧ ಆದರೆ 0.3 ಏರುತ್ತದೆ. ಪುಸ್ತಕದಲ್ಲಿರುವ ಪಿಎಚ್ ಲೆಕ್ಕಗಳಲ್ಲಿ ಮುಕ್ಕಾಲು ಪಾಲು ಇದೊಂದರಲ್ಲೇ ಮುಗಿಯುತ್ತದೆ.

ಮೊದಲು ಸೂತ್ರದ ವಿಷಯ. ಪಿಎಚ್ ಅಂದರೆ ಒಂದು ಲೀಟರ್‌ನಲ್ಲಿ ಎಷ್ಟು ಮೋಲ್ ಹೈಡ್ರೋಜನ್ ಅಯಾನು ಇದೆಯೋ ಆ ಸಂಖ್ಯೆಯ ಲಾಗ್, ಅದರ ಮುಂದೆ ಒಂದು ಮೈನಸ್. ಸಾರತೆ 10⁻³ ಇದ್ದರೆ ಪಿಎಚ್ 3. ಸಾರತೆ 10⁻⁹ ಇದ್ದರೆ ಪಿಎಚ್ 9. ಮೈನಸ್ ಹಾಕಿದ್ದು ಬರೆಯುವವರ ಕೈ ಉಳಿಸಲಿಕ್ಕೆ, ಬೇರೆ ಏನೂ ಗುಟ್ಟಿಲ್ಲ. ಈ ಪದ್ಧತಿ ತಂದವರು ಡೆನ್ಮಾರ್ಕಿನ ಸೋರೆನ್‌ಸನ್, 1909ರಲ್ಲಿ. ಅವರು ಕೆಲಸ ಮಾಡುತ್ತಿದ್ದುದು ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಹೌದು, ಬಿಯರ್ ಮಾಡುವ ಅದೇ ಕಾರ್ಲ್ಸ್‌ಬರ್ಗ್. ಕಿಣ್ವಗಳು ಯಾವ ಹುಳಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ ಅಂತ ನೋಡುತ್ತಿದ್ದವರಿಗೆ ದಿನಾ 0.00000016 ಅಂತ ಸೊನ್ನೆ ಎಣಿಸಿ ಬರೆಯುವುದು ತಲೆನೋವು, ಅದರ ಬದಲು 6.8 ಅಂತ ಬರೆದರೆ ಎಷ್ಟು ಹಾಯಾಗಿರುತ್ತದೆ ನೋಡಿ.

ಸೊನ್ನೆಗಳು ಎಷ್ಟು ಅಂತ ಒಮ್ಮೆ ಅಂದಾಜಾಗಲಿ ಅಂತ ಇದನ್ನೂ ಹೇಳುತ್ತೇನೆ. ಒಂದು ಲೀಟರ್ ನೀರಿನಲ್ಲಿ ಸುಮಾರು 55.5 ಮೋಲ್ ನೀರಿನ ಅಣುಗಳಿವೆ. ಶುದ್ಧ ನೀರಿನಲ್ಲಿ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದರಲ್ಲಿ ಒಡೆದು ಹೈಡ್ರೋಜನ್ ಅಯಾನು ಕೊಟ್ಟಿರುವುದು 10⁻⁷ ಮೋಲ್ ಮಾತ್ರ. ಭಾಗಿಸಿ ನೋಡಿದರೆ ನೂರು ಕೋಟಿ ಅಣುಗಳಿಗೆ ಎರಡೂ ಪೂರ್ತಿ ಆಗುವುದಿಲ್ಲ. ಇಡೀ ದೇಶದ ಜನರನ್ನೆಲ್ಲ ಒಂದು ಕಡೆ ನಿಲ್ಲಿಸಿ ಅದರಲ್ಲಿ ಇಬ್ಬರು ಮೂವರನ್ನು ಆರಿಸಿದ ಹಾಗೆ. ಇಷ್ಟು ಕಡಿಮೆ ಇರುವ ವಸ್ತು ನಮ್ಮ ಹಾಲು, ರಕ್ತ, ಮಣ್ಣು ಎಲ್ಲದರ ನಡತೆಯನ್ನು ಹಿಡಿದಿಟ್ಟುಕೊಂಡಿದೆ ಅನ್ನೋದು ನನಗೆ ಇವತ್ತಿಗೂ ಆಶ್ಚರ್ಯ.

ಸರಿ, ಈಗ ಡಬಲ್ ವಿಷಯಕ್ಕೆ ಬರೋಣ. ಪೆನ್ನು ಪೇಪರ್ ತೆಗೆದುಕೊಳ್ಳಿ. ಪಿಎಚ್ 4.0ರಿಂದ ಶುರು ಮಾಡಿ. ಅಲ್ಲಿ ಸಾರತೆ 1 × 10⁻⁴. ಡಬಲ್ ಮಾಡಿದರೆ 2 × 10⁻⁴, ಪಿಎಚ್ 3.7. ಇನ್ನೊಮ್ಮೆ, 4 × 10⁻⁴, ಪಿಎಚ್ 3.4. ಇನ್ನೊಮ್ಮೆ, 8 × 10⁻⁴, ಪಿಎಚ್ 3.1. ಮುಂದಿನದು 16, ಅಂದರೆ 1.6 × 10⁻³, ಪಿಎಚ್ 2.8. ಆಮೇಲೆ 3.2, ಪಿಎಚ್ 2.5. ಆಮೇಲೆ 6.4, ಪಿಎಚ್ 2.2. ಆಮೇಲೆ 12.8, ಅಂದರೆ 1.28 × 10⁻², ಪಿಎಚ್ 1.9. ಆಮೇಲೆ 2.56, ಪಿಎಚ್ 1.6. ಆಮೇಲೆ 5.12, ಪಿಎಚ್ 1.3. ಹತ್ತನೇ ಸಲ ಡಬಲ್ ಮಾಡಿದಾಗ 10.24 × 10⁻², ಪಿಎಚ್ 1.0.

ಈಗ ಪಿಎಚ್‌ಗಳ ದಶಮಾಂಶ ಮಾತ್ರ ನೋಡುತ್ತಾ ಹೋಗಿ. ಸೊನ್ನೆ, ಏಳು, ನಾಲ್ಕು, ಒಂದು, ಎಂಟು, ಐದು, ಎರಡು, ಒಂಬತ್ತು, ಆರು, ಮೂರು, ಮತ್ತೆ ಸೊನ್ನೆ. ಹತ್ತೂ ಅಂಕಿಗಳು ಒಂದೊಂದು ಸಲ ಬಂದು ಹೋದವು! ಒಂದೂ ಬಿಟ್ಟುಹೋಗಲಿಲ್ಲ, ಒಂದೂ ಎರಡು ಸಲ ಬರಲಿಲ್ಲ. ಮೂರು ಮೂರು ಇಳಿಯುತ್ತಾ ಹೋದರೆ ಹಾಗೆ ಆಗಲೇಬೇಕು. ಹತ್ತು ಸಲ ಡಬಲ್ ಮಾಡಿದರೆ 1024, ಸಾವಿರಕ್ಕೆ ಅಷ್ಟು ಹತ್ತಿರ ಇರುವುದರಿಂದ ಕೊನೆಗೆ ಸರಿಯಾಗಿ ಬಂದು ಕೂರುತ್ತದೆ. ಕಂಪ್ಯೂಟರ್ ಕಲಿತ ಮಕ್ಕಳಿಗೆ 1024 ಚೆನ್ನಾಗಿ ಗೊತ್ತು. ಅದು ಕೆಮಿಸ್ಟ್ರಿಗೂ ಬರುತ್ತೆ ಅಂದಾಗ ಮಾತ್ರ ನಂಬುವುದಿಲ್ಲ.

ಇದರಿಂದ ಏನಾಯಿತು? ಯಾವ ಪಿಎಚ್ ಕೊಟ್ಟರೂ ದಶಮಾಂಶದ ಅಂಕಿ ನೋಡಿ ಸಾರತೆಯಲ್ಲಿ ಹತ್ತರ ಘಾತದ ಮುಂದೆ ಬರುವ ಸಂಖ್ಯೆ ಹೇಳಬಹುದು. ಕೊನೆಯಲ್ಲಿ .7 ಇದ್ದರೆ 2, .4 ಇದ್ದರೆ 4, .3 ಇದ್ದರೆ 5, .5 ಇದ್ದರೆ 3.2, .8 ಇದ್ದರೆ 1.6. ಪೂರ್ಣಾಂಕ ಹೇಳುವುದು ಹತ್ತರ ಘಾತ ಎಷ್ಟು ಅನ್ನುವುದನ್ನು ಮಾತ್ರ (6.8 ಇದ್ದರೆ 6 ಮತ್ತು 7ರ ನಡುವೆ, ಘಾತ −7). ಎರಡು ಪಿಎಚ್‌ಗಳ ದಶಮಾಂಶ ಒಂದೇ ಇದ್ದರೆ ಘಾತದ ಮುಂದಿನ ಆ ಸಂಖ್ಯೆಯೂ ಒಂದೇ.

ಎನ್‌ಸಿಇಆರ್‌ಟಿ ಪುಸ್ತಕದ ಅಭ್ಯಾಸದಲ್ಲಿ ಒಂದು ಪ್ರಶ್ನೆ ಇದೆ, ಹಾಲು 6.8, ಕಪ್ಪು ಕಾಫಿ 5.0, ಟೊಮೆಟೊ ರಸ 4.2, ನಿಂಬೆ ರಸ 2.2, ಮೊಟ್ಟೆಯ ಬಿಳಿ 7.8, ಎಲ್ಲಕ್ಕೂ ಹೈಡ್ರೋಜನ್ ಅಯಾನಿನ ಸಾರತೆ ಕಂಡುಹಿಡಿ ಅಂತ. ಮಕ್ಕಳು ಐದು ಸಲ ಆಂಟಿಲಾಗ್, ಅಂದರೆ ಲಾಗ್‌ನ ಉಲ್ಟಾ, ನೋಡುತ್ತಾರೆ. ಬೇಕಾಗಿಲ್ಲ. ಹಾಲು .8, ಮೊಟ್ಟೆಯೂ .8. ಹಾಲು 1.6 × 10⁻⁷, ಮೊಟ್ಟೆ 1.6 × 10⁻⁸. ಟೊಮೆಟೊ .2, ನಿಂಬೆಯೂ .2. ಟೊಮೆಟೊ 6.3 × 10⁻⁵, ನಿಂಬೆ 6.3 × 10⁻³. (ನಮ್ಮ ಸರಪಳಿಯಲ್ಲಿ 6.4 ಬಂದಿತ್ತು, ಸರಿಯಾದ ಬೆಲೆ 6.3. ಇಷ್ಟು ವ್ಯತ್ಯಾಸ ಇದ್ದೇ ಇರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.) ಕಾಫಿಗೆ ಲೆಕ್ಕವೇ ಬೇಡ. ಅಂದರೆ ಐದು ಪ್ರಶ್ನೆಯಲ್ಲಿ ನಿಜವಾಗಿ ಇದ್ದದ್ದು ಎರಡೇ. ಪ್ರಶ್ನೆ ಬರೆದವರು ಬೇಕಂತಲೇ ಹೀಗೆ ಇಟ್ಟಿದ್ದಾರೆ ಅಂತ ನನಗೆ ಅನಿಸುತ್ತದೆ, ಆದರೆ ಅದನ್ನು ಕ್ಲಾಸಿನಲ್ಲಿ ಎತ್ತಿ ತೋರಿಸುವವರು ಕಡಿಮೆ. ನಿಂಬೆ ಟೊಮೆಟೊಗಿಂತ ನೂರು ಪಟ್ಟು ಹುಳಿ ಅನ್ನುವುದು ಲೆಕ್ಕ ಮಾಡದೆಯೇ ಕಾಣುತ್ತಿದೆ, ಅಲ್ವಾ? ಟೊಮೆಟೊ ಉದಾಹರಣೆ ಬಂದರೆ ನಮ್ಮ ಮಕ್ಕಳಿಗೆ ಸ್ವಲ್ಪ ಖುಷಿ ಜಾಸ್ತಿ. ಇಲ್ಲಿ ಅರ್ಧ ಮಕ್ಕಳ ಮನೆಯಲ್ಲಿ ಟೊಮೆಟೊ ಹಾಕಿರುತ್ತಾರೆ. ಕೋಲಾರದ ಮಂಡಿಯಲ್ಲಿ ಇವತ್ತು ಬಾಕ್ಸ್ ಎಷ್ಟಕ್ಕೆ ಹೋಯಿತು ಅನ್ನುವುದು ಪಿಎಚ್‌ಗಿಂತ ಮುಂಚೆ ಅವರಿಗೆ ಗೊತ್ತಿರುತ್ತದೆ.

ಹಾಲಿನದ್ದೇ ಇನ್ನೊಂದು ಚಂದದ ಲೆಕ್ಕ. ಹಸುವಿನ ಹಾಲು ಕರೆದಾಗ ಪಿಎಚ್ ಸುಮಾರು 6.7. ಹೆಪ್ಪು ಹಾಕಿದ ಮೇಲೆ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲ ಮಾಡುತ್ತಾ ಹೋಗುತ್ತವೆ. ಪಿಎಚ್ 4.6ರ ಹತ್ತಿರ ಬಂದಾಗ ಕೇಸಿನ್ ಅನ್ನುವ ಪ್ರೋಟೀನಿನ ಮೇಲಿನ ಒಟ್ಟು ವಿದ್ಯುದಂಶ ಸೊನ್ನೆಯಾಗುತ್ತದೆ. ಒಂದನ್ನೊಂದು ದೂರ ತಳ್ಳುವ ಬಲ ಹೋಗಿ ಎಲ್ಲ ಅಂಟಿಕೊಂಡು ಗಟ್ಟಿಯಾಗುತ್ತವೆ. 6.7ರಿಂದ 4.6 ಅಂದರೆ 2.1 ಇಳಿದಿದೆ. 0.3ರಂತೆ ಏಳು ಹೆಜ್ಜೆ. ಏಳು ಸಲ ಡಬಲ್ ಮಾಡಿದರೆ 128. ರಾತ್ರಿ ಹೆಪ್ಪು ಹಾಕಿ ಬೆಳಿಗ್ಗೆ ನೋಡುವಷ್ಟರಲ್ಲಿ ಹೈಡ್ರೋಜನ್ ಅಯಾನು ನೂರಿಪ್ಪತ್ತೈದು ಪಟ್ಟಿನ ಹತ್ತಿರ ಹೆಚ್ಚಾಗಿದೆ. ಮಳೆ ನೀರಿಗೂ ಇದೇ ರೀತಿ. ಯಾವ ಹೊಗೆಯೂ ಸೇರದ ಶುದ್ಧ ಮಳೆ ನೀರು ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿಸಿಕೊಂಡು ಸುಮಾರು 5.6ಕ್ಕೆ ನಿಲ್ಲುತ್ತದೆ. .6 ಅಂದರೆ 2.5. ಹಾಗಾಗಿ 2.5 × 10⁻⁶. ಮುಗಿಯಿತು.

ಈಗ ಉಲ್ಟಾ ದಾರಿ. ಸಾರತೆ ಕೊಟ್ಟು ಪಿಎಚ್ ಕೇಳಿದರೆ ಮಕ್ಕಳು ಬೀಳುವ ಗುಂಡಿ ಒಂದೇ. 5 × 10⁻⁵ ಕೊಟ್ಟರೆ ಕಣ್ಣಿಗೆ ಎರಡು ಐದು ಕಾಣುತ್ತವೆ, ಬಾಯಿಗೆ ಬರುವ ಉತ್ತರ 5.5. ಸ್ವಲ್ಪ ಓದಿದವರು 5.7 ಅನ್ನುತ್ತಾರೆ, ಲಾಗ್ 5 ಅಂದರೆ 0.7 ಅಂತ ನೆನಪಿರುತ್ತದೆ, ಅದನ್ನು ಕೂಡಿಸಿಬಿಡುತ್ತಾರೆ. ಸರಿಯಾದ ಉತ್ತರ 4.3. ಯೋಚಿಸಿ, 1 × 10⁻⁵ ಇದ್ದರೆ ಪಿಎಚ್ 5. ಈಗ ಅದರ ಐದರಷ್ಟು ಆಮ್ಲ ಇದೆ. ಆಮ್ಲ ಜಾಸ್ತಿ ಆದರೆ ಪಿಎಚ್ 5ಕ್ಕಿಂತ ಕೆಳಗೆ ಬರಬೇಕು, ಮೇಲೆ ಹೋಗುವುದು ಹೇಗೆ? ಅದಕ್ಕೆ ನಾನು ಮೊದಲು ಬರೆಸುವುದು ಉತ್ತರ ಯಾವ ಎರಡು ಪೂರ್ಣಾಂಕಗಳ ನಡುವೆ ಬರುತ್ತೆ ಅನ್ನುವುದನ್ನು. ಘಾತ −5 ಇದ್ದರೆ ಉತ್ತರ 4 ಮತ್ತು 5ರ ನಡುವೆ. ಘಾತ −3 ಇದ್ದರೆ 2 ಮತ್ತು 3ರ ನಡುವೆ. ಅದಾದ ಮೇಲೆ ದಶಮಾಂಶ. ಪುಸ್ತಕದಲ್ಲಿ ತಂಪು ಪಾನೀಯದ ಸಾರತೆ 3.8 × 10⁻³ ಅಂತ ಕೊಟ್ಟಿದ್ದಾರೆ. 2 ಮತ್ತು 3ರ ನಡುವೆ. 3.8 ಅನ್ನುವುದು 4ರ ಪಕ್ಕ, 4ಕ್ಕೆ .4, ಹಾಗಾಗಿ 2.4. ಟೇಬಲ್ ನೋಡಿ ಮಾಡಿದರೆ 2.42. ನಾಲ್ಕು ಆಯ್ಕೆ ಕೊಟ್ಟಿರುವ ಪ್ರಶ್ನೆಗೆ ಇನ್ನೇನು ಬೇಕು?

ಎರಡು ದಶಮಾಂಶ ಇದ್ದರೆ ಏನು ಮಾಡೋದು ಅಂತ ಚುರುಕಿನ ಹುಡುಗಿಯೊಬ್ಬಳು ಕೇಳೇ ಕೇಳುತ್ತಾಳೆ. ಅದಕ್ಕೂ ದಾರಿ ಇದೆ. ಪಿಎಚ್‌ನಲ್ಲಿ 0.01 ವ್ಯತ್ಯಾಸ ಅಂದರೆ ಸಾರತೆಯಲ್ಲಿ ಸುಮಾರು ಶೇ 2.3. ರಕ್ತದ ಪಿಎಚ್ 7.38 ಕೊಟ್ಟಿದ್ದಾರೆ ಅಂತಿಟ್ಟುಕೊಳ್ಳಿ. 7.4ಕ್ಕೆ 4 × 10⁻⁸. 7.38 ಅದಕ್ಕಿಂತ 0.02 ಕಡಿಮೆ, ಅಂದರೆ ಆಮ್ಲ ಶೇ 4.6 ಜಾಸ್ತಿ. ನಾಲ್ಕಕ್ಕೆ ಶೇ 4.6 ಸೇರಿಸಿದರೆ 4.18. ಟೇಬಲ್ ಕೊಡುವ ಉತ್ತರ 4.17. ಪ್ರತ್ಯಾಮ್ಲ ಬಂದರೂ ಹೆದರಬೇಕಾಗಿಲ್ಲ. ಹೈಡ್ರಾಕ್ಸೈಡ್‌ಗೆ ಇದೇ ಲೆಕ್ಕ ಮಾಡಿ 14ರಿಂದ ಕಳೆದರಾಯಿತು. 0.005 ಮೋಲಾರ್ ಕಾಸ್ಟಿಕ್ ಸೋಡಾ ಅಂದರೆ 5 × 10⁻³, ಅದು 2.3, ಹದಿನಾಲ್ಕರಿಂದ ಕಳೆದರೆ ಪಿಎಚ್ 11.7.

ಲಾಗ್ ಅನ್ನುವುದು ಬರೆಯುವ ಅನುಕೂಲಕ್ಕೆ ಮಾತ್ರ ಬಂದದ್ದು ಅಂದುಕೊಳ್ಳಬೇಡಿ. ಮೀಟರ್‌ನ ಒಳಗೂ ಅದೇ ಇದೆ. ಪಿಎಚ್ ಮೀಟರ್‌ನ ತುದಿಯಲ್ಲಿ ತೆಳುವಾದ ಗಾಜಿನ ಬುರುಡೆ ಇರುತ್ತದಲ್ಲ, ಅದರ ಒಳಗೂ ಹೊರಗೂ ಹೈಡ್ರೋಜನ್ ಅಯಾನಿನ ಸಾರತೆ ಬೇರೆ ಬೇರೆ ಇದ್ದಾಗ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಸಾರತೆ ಹತ್ತು ಪಟ್ಟು ಬದಲಾದರೆ 25 ಡಿಗ್ರಿಯಲ್ಲಿ ಆ ವೋಲ್ಟೇಜ್ ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ. ಇನ್ನು ಹತ್ತು ಪಟ್ಟು ಆದರೆ ಇನ್ನೊಂದು 59. ಅಂದರೆ ಯಂತ್ರ ತಾನಾಗಿಯೇ ಲಾಗ್ ಅಳೆಯುತ್ತಿದೆ. ನಾವು ಸಾರತೆ ಬೇಕು ಅಂದರೆ ಉಲ್ಟಾ ಲೆಕ್ಕ ಮಾಡಿಕೊಳ್ಳಬೇಕು. ಅಮೆರಿಕದ ಆರ್ನಾಲ್ಡ್ ಬೆಕ್‌ಮನ್ 1934ರಲ್ಲಿ ಎಲೆಕ್ಟ್ರಾನಿಕ್ ಮೀಟರ್ ಕಟ್ಟಿದ್ದು ಕ್ಯಾಲಿಫೋರ್ನಿಯಾದ ಹಣ್ಣು ಬೆಳೆಗಾರರ ಸಂಸ್ಥೆಯಲ್ಲಿದ್ದ ಗೆಳೆಯನೊಬ್ಬ ನಿಂಬೆ ರಸದ ಹುಳಿ ಅಳೆಯಲು ಒದ್ದಾಡುತ್ತಿದ್ದ ಅಂತ. ತೋಟದ ಕಷ್ಟದಿಂದ ಹುಟ್ಟಿದ ಯಂತ್ರ ಈಗ ನಮ್ಮ ತೋಟಗಳಿಗೆ ಬಂದು ಸೇರಿದೆ.

ನಮ್ಮ ತೋಟ ಅಂದೆನಲ್ಲ. ನನ್ನ ಬಾಮೈದ ಟೊಮೆಟೊ, ಕ್ಯಾಪ್ಸಿಕಂ ಬೆಳೆಯುತ್ತಾನೆ. ಬೋರಿನ ನೀರು, ಅದೂ ಸಾವಿರ ಅಡಿಗಿಂತ ಕೆಳಗಿನದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಗಡಸು ನೀರು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ, ಸೋಲಾರ್ ಪೈಪಲ್ಲೂ ಡ್ರಿಪ್ ಪೈಪಲ್ಲೂ ಬಿಳಿ ಪದರ ಕಟ್ಟಿಕೊಳ್ಳುತ್ತದೆ. ಅದನ್ನು ಕರಗಿಸಲು ಆಗಾಗ ಆಸಿಡ್ ಬಿಡುತ್ತಾರೆ. ಅವನ ಹತ್ತಿರ ಪೆನ್ನಿನ ಥರದ ಒಂದು ಪಿಎಚ್ ಮೀಟರ್ ಇದೆ. ಒಂದು ದಿನ ಫೋನ್ ಮಾಡಿದ. "ಬಾವ, ನೀರು ಎಂಟೂವರೆ ಇತ್ತು, ಆಸಿಡ್ ಹಾಕಿದ್ದಕ್ಕೆ ಏಳೂವರೆ ತೋರಿಸ್ತಿದೆ. ಒಂದೇ ತಾನೇ ಕಮ್ಮಿ ಆಗಿರೋದು, ಇಷ್ಟು ಆಸಿಡ್ ಎಲ್ಲಿಗೆ ಹೋಯ್ತು?"

ಈ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಇವೆ. "ಒಂದೇ ತಾನೇ" ಅನ್ನುವುದಕ್ಕೆ ಉತ್ತರ ಸುಲಭ. ಒಂದು ಅಂದರೆ ಹತ್ತು ಪಟ್ಟು, 3.2 × 10⁻⁹ ಇದ್ದದ್ದು 3.2 × 10⁻⁸ ಆಗಿದೆ. ಎರಡನೆಯದು ಇನ್ನೂ ಒಳ್ಳೆಯ ಪ್ರಶ್ನೆ. ಹತ್ತು ಪಟ್ಟು ಆದರೂ ಅದು ಎಷ್ಟು ಅಂತೀರಾ? ಲೀಟರಿಗೆ ಒಂದು ಮೋಲಿನ ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಅವನು ಸುರಿದ ಆಸಿಡ್ ಅದಕ್ಕಿಂತ ಸಾವಿರಾರು ಪಟ್ಟು ಜಾಸ್ತಿ. ಉಳಿದದ್ದನ್ನೆಲ್ಲ ನೀರಿನಲ್ಲಿದ್ದ ಬೈಕಾರ್ಬೊನೇಟ್ ನುಂಗಿತು. ಪಿಎಚ್ ಹೇಳುವುದು ಈ ಕ್ಷಣ ಬಿಡಿಯಾಗಿ ಓಡಾಡುತ್ತಿರುವ ಹೈಡ್ರೋಜನ್ ಅಯಾನು ಎಷ್ಟು ಅಂತ ಮಾತ್ರ. ನೀರು ಎಷ್ಟು ಆಸಿಡ್ ನುಂಗಬಲ್ಲದು ಅಂತ ಅದು ಹೇಳುವುದಿಲ್ಲ. ಅದಕ್ಕೆ ನೀರಿನ ರಿಪೋರ್ಟಿನಲ್ಲಿ ಕ್ಷಾರೀಯತೆ, ಆಲ್ಕಲಿನಿಟಿ, ಅಂತ ಬೇರೆ ಸಾಲು ಇರುತ್ತದೆ. ಜನ ಅದನ್ನು ನೋಡುವುದೇ ಇಲ್ಲ.

ಲೆಕ್ಕ ಹಾಕಿ ತೋರಿಸುತ್ತೇನೆ. ಸಾವಿರ ಲೀಟರಿನ ಟ್ಯಾಂಕು. ಒಳಗೆ ಇರುವುದು ಬರೀ ಶುದ್ಧ ನೀರು ಅಂತಿಟ್ಟುಕೊಂಡು ಪಿಎಚ್ 8ರಿಂದ 4ಕ್ಕೆ ತರಬೇಕಾದರೆ ಲೀಟರಿಗೆ 10⁻⁴ ಮೋಲ್, ಇಡೀ ಟ್ಯಾಂಕಿಗೆ 0.1 ಮೋಲ್ ಆಮ್ಲ ಸಾಕು. ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲ ಲೀಟರಿಗೆ ಸುಮಾರು 12 ಮೋಲ್ ಇರುತ್ತದೆ. ಅಂದರೆ ಎಂಟು ಮಿಲಿಲೀಟರ್ ಚಿಲ್ಲರೆ. ಅದೇ ಟ್ಯಾಂಕಿನಲ್ಲಿ ಕ್ಷಾರೀಯತೆ 300 ಇರುವ ಬೋರಿನ ನೀರಿದ್ದರೆ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 300 ಮಿಲಿಗ್ರಾಂ, ಅದನ್ನು ತಣಿಸಲು ಲೀಟರಿಗೆ 0.006 ಮೋಲ್ ಬೇಕು. ಟ್ಯಾಂಕಿಗೆ 6 ಮೋಲ್. ಅರ್ಧ ಲೀಟರ್ ಆಸಿಡ್! ಎಂಟು ಮಿಲಿಲೀಟರ್ ಎಲ್ಲಿ, ಅರ್ಧ ಲೀಟರ್ ಎಲ್ಲಿ. ಎರಡೂ ಕಡೆ ಶುರುವಿನ ಪಿಎಚ್ ಒಂದೇ, ಕೊನೆಯ ಪಿಎಚ್ಚೂ ಒಂದೇ. ಆದ್ದರಿಂದ ಪಿಎಚ್‌ನಿಂದ ಸಾರತೆಗೆ ಹೋಗಬಹುದು, ಆದರೆ ಆ ಸಾರತೆಯಿಂದ "ಎಷ್ಟು ಆಸಿಡ್ ಸುರಿಯಲಿ" ಅನ್ನುವುದಕ್ಕೆ ನೇರವಾಗಿ ಹೋಗಲು ಆಗುವುದಿಲ್ಲ. ಪುಸ್ತಕದಲ್ಲಿ ಬಫರ್ (ಆಸಿಡ್ ಹಾಕಿದರೂ ಪಿಎಚ್ ಸುಲಭಕ್ಕೆ ಬದಲಾಗದ ದ್ರಾವಣ) ಪಾಠ ಬೇರೆ ಪುಟದಲ್ಲಿದೆ, ಬೋರಿನಲ್ಲಿ ಎರಡೂ ಒಟ್ಟಿಗೇ ಬರುತ್ತವೆ. ಬಕೆಟ್ಟಿನಲ್ಲಿ ಸ್ವಲ್ಪ ನೀರು ತೆಗೆದುಕೊಂಡು ಮಿಲಿ ಲೆಕ್ಕದಲ್ಲಿ ಆಸಿಡ್ ಹಾಕುತ್ತಾ ಮೀಟರ್ ನೋಡಿ, ಆಮೇಲೆ ಟ್ಯಾಂಕಿಗೆ ಗುಣಿಸಿಕೊಳ್ಳೋ ಅಂತ ಬಾಮೈದನಿಗೆ ಹೇಳಿದೆ. ಮತ್ತೆ, ಆಸಿಡ್ ಹಾಕುವುದು ನೀರಿಗೆ. ಆಸಿಡ್‌ಗೆ ನೀರು ಸುರಿಯಬಾರದು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ.

ಇದೇ ಥರದ ಇನ್ನೊಂದು ಎಡವಟ್ಟು ಸರಾಸರಿ ತೆಗೆಯುವುದು. ಪಿಎಚ್ 4 ಇರುವ ಆಮ್ಲ ಒಂದು ಲೀಟರ್, ಪಿಎಚ್ 6 ಇರುವುದು ಒಂದು ಲೀಟರ್ ಬೆರೆಸಿದರೆ ಎಷ್ಟು? ಎಲ್ಲರೂ 5 ಅನ್ನುತ್ತಾರೆ. ಪ್ರಬಲ ಆಮ್ಲಗಳಾದರೆ ಉತ್ತರ 4.3. ಕೂಡಿಸಬೇಕಾದದ್ದು ಪಿಎಚ್ ಅಲ್ಲ, ಸಾರತೆ. 10⁻⁴ಕ್ಕೆ 10⁻⁶ ಸೇರಿಸಿದರೆ ಏನೂ ಸೇರಿಸದಷ್ಟೇ, ಅದು ನೂರಕ್ಕೆ ಒಂದು. ಆದರೆ ನೀರು ಎರಡು ಲೀಟರ್ ಆಯಿತಲ್ಲ, ಹಾಗಾಗಿ ಅರ್ಧ. ಅರ್ಧ ಆದರೆ ಪಿಎಚ್ ಎಷ್ಟು ಏರುತ್ತೆ? 0.3. ಬಂತಲ್ಲ ಉತ್ತರ.

ಈ ಹತ್ತು ಪಟ್ಟು, ಎರಡು ಪಟ್ಟಿನ ಮಾತು ಪರೀಕ್ಷೆಗೆ ಮಾತ್ರ ಅನ್ನುವವರಿಗೆ ನಾನು ಕೆಜಿಎಫ್ ತೋರಿಸುತ್ತೇನೆ. ನಮ್ಮಿಂದ ಬಹಳ ದೂರ ಏನಿಲ್ಲ. ಊರ ಪಕ್ಕ ಬೆಟ್ಟದಂತೆ ಬಿದ್ದಿರುವ ಆ ಮಣ್ಣಿನ ರಾಶಿಗಳನ್ನು ಸಿನಿಮಾದಲ್ಲಾದರೂ ನೋಡಿರುತ್ತೀರಿ, ಸೈನೈಡ್ ಗುಡ್ಡ ಅನ್ನುತ್ತಾರೆ. 1880ರ ಹೊತ್ತಿಗೆ ಜಾನ್ ಟೇಲರ್ ಕಂಪನಿ ಬಂದು ಗಣಿ ನಡೆಸಲು ಶುರು ಮಾಡಿತು, 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಅದಿರು ಪುಡಿ ಮಾಡಿ ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯೇ ಈ ಗುಡ್ಡ. ಸೈನೈಡ್ ಪದ್ಧತಿಯಲ್ಲಿ ದ್ರಾವಣಕ್ಕೆ ಸುಣ್ಣ ಹಾಕಿ ಪಿಎಚ್ 10ಕ್ಕಿಂತ ಮೇಲೆ ಇಡುತ್ತಾರೆ. ಯಾಕೆ ಗೊತ್ತಾ? ಸೈನೈಡ್ ಅಯಾನು ಹೈಡ್ರೋಜನ್ ಅಯಾನು ಹಿಡಿದುಕೊಂಡರೆ ಹೈಡ್ರೋಜನ್ ಸೈನೈಡ್ ಆಗುತ್ತದೆ, ಅದು ನೀರು ಬಿಟ್ಟು ಗಾಳಿಗೆ ಏಳುವ ವಿಷ. ಪಿಎಚ್ 9.2ರಲ್ಲಿ ಅರ್ಧ ಹಾಗೆ, ಅರ್ಧ ಹೀಗೆ. 0.3 ಏರಿಸಿ 9.5 ಮಾಡಿದರೆ ಒಂದಕ್ಕೆ ಎರಡು, ಅಂದರೆ ವಿಷದ ರೂಪದಲ್ಲಿ ಮೂರನೇ ಒಂದು ಭಾಗ. 9.8ರಲ್ಲಿ ಐದರಲ್ಲೊಂದು. 10.1ರಲ್ಲಿ ಒಂಬತ್ತರಲ್ಲೊಂದು. ಕೆಳಗೆ ಬಂದರೆ ಉಲ್ಟಾ, 8.2ಕ್ಕೆ ಬಂದಾಗ ಹನ್ನೊಂದರಲ್ಲಿ ಹತ್ತು ಭಾಗ ವಿಷವೇ. 9.2ಕ್ಕೂ 8.2ಕ್ಕೂ ಕಾಗದದ ಮೇಲೆ ಒಂದೇ ಅಂಕಿ ವ್ಯತ್ಯಾಸ. ಆ ತೊಟ್ಟಿಗಳ ಪಕ್ಕ ನಿಂತು ಕೆಲಸ ಮಾಡುವವನಿಗೆ ಅದು ಪ್ರಾಣದ ಲೆಕ್ಕ.

ನರ್ಸಿಂಗ್ ಓದುವವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ರಕ್ತದ ಪಿಎಚ್ 7.35ರಿಂದ 7.45ರ ಒಳಗೆ ಇರಬೇಕು. ರಕ್ತಕ್ಕೆ ಮೋಲ್ ಬದಲು ನ್ಯಾನೋಮೋಲ್ (ಮೋಲಿನ ನೂರು ಕೋಟಿಯಲ್ಲೊಂದು ಭಾಗ) ಬಳಸಿದರೆ ಲೆಕ್ಕ ಹಗುರ. 7.4 ಅಂದರೆ ಲೀಟರಿಗೆ 40 ನ್ಯಾನೋಮೋಲ್. 7.1 ಅಂದರೆ 80. ರಿಪೋರ್ಟಿನಲ್ಲಿ 7.1 ನೋಡಿ "ಪಾಯಿಂಟ್ ಮೂರು ತಾನೇ" ಅಂದುಕೊಳ್ಳುವುದಕ್ಕೂ, ರಕ್ತದಲ್ಲಿ ಆಮ್ಲ ಎರಡರಷ್ಟಾಗಿದೆ ಅಂದುಕೊಳ್ಳುವುದಕ್ಕೂ ಬಹಳ ವ್ಯತ್ಯಾಸ ಇದೆ.

ಇನ್ನು ಪರೀಕ್ಷೆ ಬರೆಯುವವರನ್ನು ಬೀಳಿಸುವ ಹಳೆಯ ಪ್ರಶ್ನೆ: 10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು? ಸೂತ್ರಕ್ಕೆ ಹಾಕಿದರೆ 8. ಆಮ್ಲ ಹಾಕಿದ ಮೇಲೆ ನೀರು ಪ್ರತ್ಯಾಮ್ಲ ಆಗಲು ಸಾಧ್ಯವೇ? ನೀರು ತನ್ನದೇ 10⁻⁷ ಕೊಟ್ಟಿರುತ್ತದೆ, ಅದನ್ನು ಮರೆತರೆ ಹೀಗಾಗುತ್ತದೆ. ಎರಡನ್ನೂ ಸೇರಿಸಿ ವರ್ಗ ಸಮೀಕರಣ ಬಿಡಿಸಿದರೆ 1.05 × 10⁻⁷ ಬರುತ್ತದೆ, ಪಿಎಚ್ 6.98. ಸಾರತೆ 10⁻⁶ಕ್ಕಿಂತ ಕೆಳಗೆ ಹೋದಾಗೆಲ್ಲ ನೀರಿನ ಪಾಲು ನೆನಪಿರಲಿ. ಇನ್ನು ಪಿಎಚ್ ಮೈನಸ್ ಆಗುತ್ತಾ ಅಂತ ಕೇಳಿದರೆ, ಆಗುತ್ತದೆ. ಲೀಟರಿಗೆ ಒಂದು ಮೋಲಿಗಿಂತ ಜಾಸ್ತಿ ಹೈಡ್ರೋಜನ್ ಅಯಾನು ಇದ್ದರೆ ಲಾಗ್ ಪ್ಲಸ್ ಆಗಿ ಪಿಎಚ್ ಮೈನಸ್ ಬರುತ್ತದೆ. ಸೊನ್ನೆಯಿಂದ 14 ಅನ್ನುವುದು ಗೋಡೆಯ ಮೇಲಿನ ಚಾರ್ಟಿನ ಉದ್ದ, ಪ್ರಕೃತಿಯ ನಿಯಮ ಅಲ್ಲ. 7 ತಟಸ್ಥ ಅನ್ನುವುದೂ 25 ಡಿಗ್ರಿಗೆ ಮಾತ್ರ. ನೀರು ಬಿಸಿಯಾದಂತೆ ಜಾಸ್ತಿ ಒಡೆಯುತ್ತದೆ. 60 ಡಿಗ್ರಿಯಲ್ಲಿ ಶುದ್ಧ ನೀರಿನ ಪಿಎಚ್ ಸುಮಾರು 6.5, ಆದರೂ ಅದು ಆಮ್ಲ ಅಲ್ಲ, ಹೈಡ್ರಾಕ್ಸೈಡ್ ಕೂಡ ಅಷ್ಟೇ ಹೆಚ್ಚಿರುತ್ತದೆ.

ಕೊನೆಗೆ ಮೀಟರ್ ಕೊಂಡವರಿಗೆ. ಅಂಗಡಿಯವರು ಎರಡು ದಶಮಾಂಶ ತೋರಿಸುತ್ತೆ ಅಂತ ಮಾರುತ್ತಾರೆ. ಅಗ್ಗದ ಪೆನ್ ಮೀಟರ್‌ನಲ್ಲಿ 0.1 ಹೆಚ್ಚು ಕಡಿಮೆ ಇರುವುದು ಮಾಮೂಲು. ಪಿಎಚ್‌ನಲ್ಲಿ 0.1 ತಪ್ಪು ಅಂದರೆ ಸಾರತೆಯಲ್ಲಿ ಶೇ 26 ತಪ್ಪು. ಬಣ್ಣದ ಪಟ್ಟಿಯಲ್ಲಿ ಅರ್ಧ ಪಾಯಿಂಟ್ ಆಚೀಚೆ ಆದರೆ ಸಾರತೆ ಮೂರು ಪಟ್ಟು ಆಚೀಚೆ. ಹಾಗಾಗಿ ಮೀಟರ್ 7.34 ತೋರಿಸಿತು ಅಂತ ಅದನ್ನು 4.57 × 10⁻⁸ ಅಂತ ಬರೆಯುವುದು ಸುಮ್ನೆ ಜಂಭ, 5 × 10⁻⁸ರ ಹತ್ತಿರ ಅಂದರೆ ಸಾಕು. ಮೀಟರ್ ಜೊತೆ 4 ಮತ್ತು 6.86 ಅಂತ ಬರೆದಿರುವ, ಮೀಟರ್ ಸರಿಹೊಂದಿಸುವ ಪುಡಿಯ ಪೊಟ್ಟಣಗಳು ಬರುತ್ತವೆ. ಅವನ್ನು ಬೋರಿನ ನೀರಿನಲ್ಲಿ ಕಲಸಬೇಡಿ, ಡಿಸ್ಟಿಲ್ಡ್ ವಾಟರ್‌ನಲ್ಲೇ ಕಲಸಿ. ಅಳೆಯುವುದು ಬೋರಿನ ನೀರನ್ನು ಅಂದರೆ 8ಕ್ಕಿಂತ ಮೇಲಿನ ಪಿಎಚ್‌ಗಳಿಗೆ 9.18ರ ಪೊಟ್ಟಣವನ್ನೂ ಕೇಳಿ ತೆಗೆದುಕೊಳ್ಳಿ, ಅಂದರೆ ನೀವು ಅಳೆಯುವ ನೀರು ಎರಡು ಗುರುತುಗಳ ನಡುವೆ ಬರುತ್ತದೆ. ಗಾಜಿನ ತುದಿ ಒಣಗಲು ಬಿಡಬೇಡಿ. ಬಾಮೈದನದ್ದು ಬೇಸಿಗೆಯಲ್ಲಿ ಪಂಪ್‌ಹೌಸಿನ ಕಿಟಕಿಯ ಮೇಲೆ ಬಿದ್ದಿತ್ತು, ಈಗ ಯಾವ ನೀರಿಗೆ ಅದ್ದಿದರೂ ಏಳರ ಆಸುಪಾಸೇ ತೋರಿಸುತ್ತದೆ, ಅವನಿಗೆ ಅದು ಬಹಳ ಇಷ್ಟ.